ಇಂಜಿನ್ನಿಗೆ ಅಕ್ಷತೆ

ಗಂಡಸರು ಯಾವುದನ್ನಾದರೂ ಬಿಚ್ಚಬಲ್ಲರು. ಆಮೇಲೆ ಅದು ಕೂಡದೆ ಹೋದರೆ ಮನೆಯಲ್ಲಿ ಯಾರೋ ಮುಟ್ಟಿದ್ದಾರೆಂದೇ ಅರ್ಥ. ನಾನು ಎರಡನೇ ಕ್ಲಾಸು ದಾಟಿದವಳಲ್ಲ. ಒಬ್ಬ ಗಂಡಸಿನ ಜೊತೆ ಬಾಳಿ ಮುದುಕಿಯಾದವಳು. ಇಷ್ಟು ಹೇಳುವುದಕ್ಕೆ ಅಷ್ಟು ಓದು ಸಾಕು.

ನಮ್ಮ ಯಜಮಾನರು ನೌಕರಿ ಮುಗಿದ ಮೇಲೆ ಸಿರುಗುಪ್ಪದ ಅಕ್ಕಿ ಗಿರಣಿಯ ಹಿಂದೆ ಬಿದ್ದಿದ್ದ ಒಂದು ಇಂಗ್ಲೆಂಡಿನ ಕಾರನ್ನು ಲಾರಿಗೆ ಹೇರಿಸಿ ಬಳ್ಳಾರಿಗೆ, ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ತಂದರು. ರೇಸಿನ ಕಾರಂತೆ. ಚಾವಣಿ ಇಲ್ಲ, ಇರುವುದೇ ಎರಡು ಸೀಟು, ಅದರಲ್ಲೊಂದರಲ್ಲಿ ಕೋಳಿ ಕಾವಿಗೆ ಕೂತಿತ್ತು. ನಮ್ಮದು ತತ್ತಿ ಮುಟ್ಟದ ಮನೆ. ಕೋಳಿಯನ್ನು ತತ್ತಿ ಸಮೇತ ಪಕ್ಕದ ಮನೆಯ ರಾಬಿಯಾಬಿಗೆ ದಾಟಿಸಿದೆ. ಇಂಜಿನ್ ಮಾತ್ರ ಪಡಸಾಲೆಗೆ ಬಂತು. ಪಿಸ್ಟನ್ನುಗಳು ನನ್ನ ಕೊಳಗದಲ್ಲಿ, ವಾಲ್ವುಗಳು ಇಡ್ಲಿ ತಟ್ಟೆಯ ಕುಳಿಗಳಲ್ಲಿ. ವಾಲ್ವು ಕೂರುವ ಜಾಗಕ್ಕೆ ಮಸಾಲೆ ಎಂಬ ತರಿತರಿ ಗ್ರೀಸು ಹಚ್ಚಿ, ವಾಲ್ವಿಗೆ ಅಂಟಿಸಿದ ಕೋಲನ್ನು ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸಿ ಉಜ್ಜಬೇಕಂತೆ. ಅವರ ತೋಳು ಸೋತಾಗ ನಾನೇ ಕಡೆದೆ. ಬೆಣ್ಣೆ ಬರಲಿಲ್ಲ.

ನನಗೂ ಅವಸರವಿತ್ತು. ಕುರುಗೋಡಿನಲ್ಲಿ ತಮ್ಮನ ಹೊಸ ಮನೆಯ ಗೃಹಪ್ರವೇಶ. ಅವನ ಹೆಂಡತಿ ಸುಶೀಲ, "ನಿಮ್ಮ ಮನಿಯವರು ಬಿಚ್ಚಿದ್ದು ಯಾವುದು ನಡದೈತ್ರಿ ಅಕ್ಕಾರ?" ಎಂದು ನಾಲ್ಕು ಜನರ ಮುಂದೆ ನಕ್ಕಿದ್ದಳು. "ನಿನ್ನ ಹೊಸ ಮನಿಗೆ ಅದರಾಗ ಬರತೀನಿ, ನೋಡುವಂತಿ" ಎಂದು ನಾನೂ ಬಾಯಿ ಬಿಟ್ಟಿದ್ದೆ.

ಗೃಹಪ್ರವೇಶದ ಹಿಂದಿನ ದಿನ ಪಿಸ್ಟನ್ನುಗಳು ಕೂತವು. ಮೇಲಿನ ಮುಚ್ಚಳ ಕೂಡಿಸಿ ಕಾರಿಗೆ ಇಳಿಸುವುದಷ್ಟೇ ಬಾಕಿ.

"ಪೂಜಿ ಮಾಡದ ಮುಚ್ಚತೀರೇನ್ರಿ?" ಎಂದೆ.

"ಲಗೂನ ಮಾಡು."

ಊದಿನಕಡ್ಡಿ ಹಚ್ಚಿದೆ. ಅವರು ಕಣ್ಣು ಮುಚ್ಚಿ ಕೈ ಮುಗಿದರು. ನಾಲ್ಕು ಸಿಲಿಂಡರುಗಳೂ ಗುಬ್ಬಿಮರಿಗಳಂತೆ ಬಾಯಿ ತೆರೆದು ಕೂತಿದ್ದವು. ತುಂಬಿದ ಮುಷ್ಟಿ ಅಕ್ಷತೆ ಹಾಕಿದೆ. ಮೇಲೆ ಬಿದ್ದದ್ದನ್ನು ಆರಿಸಬಹುದಿತ್ತು; ಎಣ್ಣೆ ಇಳಿಯುವ ತೂತುಗಳಲ್ಲಿ ಹೋದದ್ದು ಇಂಜಿನ್ನಿನ ತಳ ಸೇರಿತು. ಮತ್ತೆ ಎಲ್ಲ ಬಿಚ್ಚಬೇಕು. ಅವರು ಮತ್ತೆ ಸ್ಪ್ಯಾನರು ಕೈಗೆತ್ತಿಕೊಂಡರು. ಅವರು ಆಡಬೇಕಿದ್ದ ಮಾತನ್ನು ಗೋಡೆಯಾಚೆಯಿಂದ ರಾಬಿಯಾಬಿ ಆಡಿದಳು: "ಅಕ್ಕಾ, ಇಂಜಿನ್ನಿಗೆ ಪೆಟ್ರೋಲ್ ಹಾಕ್ತಾರ. ಅಕ್ಕಿ ಯಾಕ ಹಾಕಿದ್ರಿ?"

ಬಸ್ಸಿನಲ್ಲಿ ಹೋದೆವು. ಸುಶೀಲ ಬಾಗಿಲಲ್ಲೇ ನಿಂತು ರಸ್ತೆಯ ಉದ್ದಕ್ಕೂ ಕಣ್ಣು ಹಾಯಿಸಿ, "ಕಾರ್ ಎಲ್ಲೈತ್ರಿ?" ಎಂದಳು. "ಉಂಡು ಮಲಗೈತಿ" ಎಂದೆ. ಪೂಜೆಯಲ್ಲಿ ಕೈಗೆ ಅಕ್ಷತೆ ಕೊಟ್ಟಾಗ ನನ್ನ ಮುಷ್ಟಿ ಬಿಚ್ಚಲೇ ಇಲ್ಲ. ಯಜಮಾನರು ಕಿವಿಯ ಹತ್ತಿರ ಬಂದು, "ಹಾಕು. ಮನಿ ಇಂಜಿನ್ನಿನಂಗ ತಿರಗಂಗಿಲ್ಲ" ಎಂದರು.

ದೀಪಾವಳಿ ಕಳೆದ ಮೇಲೆ ಇಂಜಿನ್ ಕಾರಿಗೆ ಇಳಿದು ಸ್ಟಾರ್ಟ್ ಆಯಿತು. ಈ ಸಲ ಪೂಜೆ ನಡೆದದ್ದು ಬಾನೆಟ್ಟು ಮುಚ್ಚಿ, ಅದರ ಮೇಲೆ ಅವರೇ ಕೂತ ಮೇಲೆ. ತಲೆಗೆ ಸೆರಗು ಬಿಗಿದು, ಅವರ ಪಕ್ಕ ಕೂತು ಕುರುಗೋಡಿಗೆ ಹೋದೆ. ಬಾಗಿಲಿಗೆ ಬೀಗ! ತಮ್ಮ, ಸುಶೀಲ ಇಬ್ಬರೂ ಅವಳ ತವರು ರಾರಾವಿಗೆ ಹೋಗಿದ್ದರು.

"ಗುಡಿಗೆ ಹೋಗಿ ಕೈ ಮುಗದು ಬರೋಣು" ಎಂದರು ಯಜಮಾನರು.

"ದೇವರಿಗೆ ಗೊತ್ತೈತಿ. ನೀವು ಹಾರನ್ ಹೊಡೀರಿ."

ಬೀಗದ ಮುಂದೆಯೇ ಹೊಡೆಸಿದೆ. ಎದುರು ಮನೆಯವಳು ಹೊರಗೆ ಬಂದು, "ಯಾರು ಬಂದಿದ್ರು ಅಂತ ಹೇಳ್ಲಿರಿ?" ಎಂದಳು.

"ಯಾರು ಅನ್ನೋದು ಇರಲಿ. ಯಾವುದರಾಗ ಬಂದ್ರು ಅನ್ನೋದನ್ನ ಹೇಳವ್ವಾ."

ಸುಶೀಲ ವಾಪಸು ಬಂದ ಮೇಲೆ ಹೇಳಿದಳಂತೆ: "ಯಾರೋ ಮುದುಕ ಮುದುಕಿ. ಗಾಡಿಗೆ ಚಾವಣಿ ಸೈತ ಹಾಕಿಸಿಲ್ಲ. ಪಾಪ, ಬಡವರಿರಬೇಕು."