ಮಾವನ ಈಜುಕೊಳಕ್ಕೆ ಓಣಿಯ ಕಾವಲು

ನಮ್ಮ ಓಣಿಯಲ್ಲಿ ಯಾರು ಏನು ಒಳ್ಳೇದು ಮಾಡಿದರೂ ಮೊದಲು ಅನುಮಾನ ಏಳುತ್ತೆ, ಆಮೇಲೆ ಕಾಂಪೌಂಡ್ ಗೋಡೆ ಮೇಲೆ ನಾಲ್ಕೈದು ತಲೆ ಏಳುತ್ತವೆ. ದಾವಣಗೆರೆ ಜಿಲ್ಲೆ ಆಗಿದ್ದೇ ತಡ, ನನ್ನ ಸೋದರಮಾವನಿಗೆ ದೊಡ್ಡೂರಿನ ಚಟ ಹತ್ತಿತು. ದೇವರಾಜ ಅರಸು ಬಡಾವಣೆಯ ಮನೆ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದರು. ಹದಿನೈದು ಅಡಿ ಉದ್ದ, ಹತ್ತಡಿ ಅಗಲ, ಎದೆಮಟ್ಟ ನೀರು.

ಅದೇ ಬೇಸಿಗೆಗೆ ಓಣಿಯ ಬೋರ್‌ವೆಲ್‌ಗಳು ಕೆಮ್ಮತೊಡಗಿದವು. "ಎಲ್ಲಾ ನಿಮ್ಮ ಹೊಂಡಾನೇ ಕುಡಿದೈತೆ, ಮುಚ್ಚಿಸ್ರಿ" ಅಂತ ಹಿರಿಯರು ಬಂದು ಕೂತರು.

ಮಾವ ಕೈಮುಗಿದರು. "ಒಂದು ತಿಂಗಳು ಬಿಡ್ರಿ. ಹೊಸ ನೀರು ಒಂದು ಕೊಡಾನೂ ಹಾಕಲ್ಲ, ಬ್ಲೀಚಿಂಗ್ ಪುಡಿ ಮುಟ್ಟಲ್ಲ, ಪರಿಸರಕ್ಕೆ ಒಗ್ಗೋ ಹಂಗೆ ನಡೆಸ್ತೀನಿ. ತಪ್ಪಿದ್ರೆ ನಾನೇ ಮಣ್ಣು ತುಂಬಿಸ್ತೀನಿ."

ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎದ್ದ ನನಗೆ ಆ ಕೊಳ ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ.

೧. ಹೊದಿಕೆ

ಬಿಸಿಲಿಗೆ ನೀರು ಆರಬಾರದೆಂದು ಮಾವ ಪ್ಲಾಸ್ಟಿಕ್ ಚೀಲಗಳನ್ನು ಹೊಲಿಸಿ ಕೊಳಕ್ಕೆ ಹೊದಿಸಿದರು. ಎದುರುಮನೆಯ ಅರಳೆ ಸಾಹುಕಾರರು ನನ್ನನ್ನು ಮೂಲೆಗೆ ಕರೆದರು.

"ತಮ್ಮಾ, ಒಳಗೇನು ಮುಚ್ಚಿಟ್ಟಾರೆ ನಿಮ್ಮ ಮಾವ?"

"ನೀರು ರೀ."

"ನೀರಿಗೆ ಯಾರಾದ್ರೂ ಹೊದಿಸ್ತಾರೇನೋ?"

"ಯಾರಿಗೂ ಹೇಳಬ್ಯಾಡ್ರಿ, ಅದಕ್ಕೆ ಚಳಿಜ್ವರ."

ಬೈದು ಹೋದರು. ಸಂಜೆ ಅವರ ಹೆಂಡತಿ ಗೇಟಿನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಅಲ್ಲಪ್ಪಾ, ಅದು ಅಂಟು ಜ್ವರ ಏನು? ನಮ್ಮ ಬೋರು ಪಕ್ಕದಾಗೇ ಐತೆ."

೨. ಮೀನು

ಪಾಚಿ, ಸೊಳ್ಳೆಮರಿ ತಿನ್ನೋಕೆ ಮೀನು ಬೇಕಾದವು. ಹರಿಹರಕ್ಕೆ ಹೋಗಿ, ಹೊಳೆ ದಂಡೆಯಲ್ಲಿ ಮೀನು ಹಿಡಿಯುವವನಿಂದ ಇಪ್ಪತ್ತು ಮರಿ ಕೊಡದಲ್ಲಿ ತಂದೆ. ನಮ್ಮದು ಮೊಟ್ಟೆಯ ಹೆಸರೂ ಎತ್ತದ ಮನೆ. ಅಜ್ಜಿ ಕೊಡದೊಳಗೆ ಇಣುಕಿ, "ಇವತ್ತು ಹೊಂಡದಾಗೆ, ನಾಳೆ ಗಡಿಗ್ಯಾಗೆ" ಅಂದಳು. ಅವತ್ತಿಂದ ದಿನಾ ಪೂಜೆ ಮುಗಿಸಿ, ಹೊದಿಕೆ ತೆಗೆಸಿ, ಮೀನು ಎಣಿಸೋದೇ ಕೆಲಸ.

ಒಂದು ದಿನ ಹತ್ತೊಂಬತ್ತೇ ಸಿಕ್ಕವು. ನನ್ನ ಬಾಯಿ ಮೂಸಿದಳು. ಮಾವನ ಬಾಯಿ ಮೂಸಿದಳು. ಅಷ್ಟರಲ್ಲಿ ಮಿಂಚುಳ್ಳಿಯೊಂದು ಬಂದು ಕಣ್ಣೆದುರೇ ಇನ್ನೊಂದನ್ನು ಎತ್ತಿಕೊಂಡು ಹೋಯಿತು.

"ನೋಡಿದ್ಯಾ ಅಜ್ಜಿ?" ಅಂದೆ.

"ನೋಡಿದೆ. ಅದಕ್ಕೆ ಕಲಿಸಿಕೊಟ್ಟೋನು ಯಾರು ಅಂತ ಹೇಳು."

೩. ಗೀಟು

ಮಾವ ಕದ್ದು ನೀರು ಬಿಡುತ್ತಾರೆಂದು ಓಣಿಯವರು ನಿವೃತ್ತ ವಿಜ್ಞಾನ ಮಾಸ್ತರನ್ನು ಕಾವಲಿಗೆ ಹಾಕಿದ್ದರು. ಅವರು ಬೆಳಿಗ್ಗೆ ನೀರಿನ ಮಟ್ಟಕ್ಕೆ ಇಟ್ಟಿಗೆ ಚೂರಿನಿಂದ ಗೀಟು ಎಳೆಯೋದು, ಮರುದಿನ ನೋಡೋದು. ಗೀಟು ದಾಟಿ ನೀರು ಬಂದರೆ ಕೊಳಕ್ಕೆ ಮಣ್ಣು.

ಕೊನೇ ದಿನ ಏಳು ಮಂದಿ ಹಿರಿಯರು ಬಂದರು. ಅಜ್ಜಿ ಎಲ್ಲರಿಗೂ ಎರಡೆರಡು ಲೋಟ ಮಜ್ಜಿಗೆ ಕೊಟ್ಟಳು. ಮಾಸ್ತರು ಗೀಟು ಎಳೆದರು.

"ತಳದಾಗೆ ಕಳ್ಳ ಪೈಪ್ ಇರ್ಬೇಕು" ಅಂದರು ಅರಳೆ ಸಾಹುಕಾರರು.

"ಇಳಿದು ತಡಕಿ ನೋಡ್ರಿ" ಅಂದೆ.

ಮೇ ತಿಂಗಳ ಸೆಕೆ. ಏಳೂ ಮಂದಿ ಪಟಾಪಟಿ ಚಡ್ಡಿಯಲ್ಲಿ ಇಳಿದು ಕಾಲಲ್ಲಿ ತಡಕಿದರು. ಪೈಪ್ ಸಿಗಲಿಲ್ಲ, ಆದರೂ ಯಾರೂ ಮೇಲೆ ಬರಲಿಲ್ಲ. ಅರ್ಧ ತಾಸಾದ ಮೇಲೆ ದಡದಲ್ಲೇ ನಿಂತಿದ್ದ ಮಾಸ್ತರು ಬಗ್ಗಿ ನೋಡಿದರು. ಗೀಟು ಮೂರು ಬೆರಳು ಮುಳುಗಿತ್ತು.

"ಸಿಕ್ಕಿಬಿದ್ರಿ. ಈಗಲೂ ನೀರು ಬಿಡ್ತಾ ಇದೀರಿ."

ಮಾವ ಓಡಿ ಹೋಗಿ ಮೋಟರಿನ ಸ್ವಿಚ್ ಒತ್ತಿ ತೋರಿಸಿದರು. "ಬೆಳಿಗ್ಗಿಂದ ಕರೆಂಟೇ ಇಲ್ಲ ಮಾಸ್ತರ, ಮೋಟರ್ ಹೆಂಗೆ ಓಡ್ತೈತೆ?"

ಏಳು ಹೊಟ್ಟೆ ಇಳಿದರೆ ನೀರು ಏರುತ್ತೆ ಅನ್ನೋದು, ಮೂವತ್ತು ವರ್ಷ ಅದೇ ಪಾಠ ಹೇಳಿದ ಮಾಸ್ತರಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು, ಹೇಳಲಿಲ್ಲ. ಬದಲಿಗೆ ಇಷ್ಟೇ ಕೇಳಿದೆ:

"ಮೋಟರ್ ಇಲ್ಲ, ಪೈಪ್ ಇಲ್ಲ. ಮತ್ತೆ ಈ ನೀರು ಯಾರದ್ದು?"

ಏಳು ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಮಜ್ಜಿಗೆ ಲೋಟಗಳ ಕಡೆ ನೋಡಿದರು. ಮರುಕ್ಷಣ ಎಲ್ಲರೂ ದಡದ ಮೇಲಿದ್ದರು. ನೀರು ಸರ್ರನೆ ಗೀಟಿನ ಕೆಳಗೆ ಇಳಿಯಿತು. ಮಾಸ್ತರು ಕೆಮ್ಮಿ, "ಸರಿ, ಮುಚ್ಚೋದು ಬ್ಯಾಡ" ಅಂತ ತೀರ್ಪು ಕೊಟ್ಟು ಹೊರಟರು.

ಎಲ್ಲರೂ ಹೋದ ಮೇಲೆ ಅರಳೆ ಸಾಹುಕಾರರು ಒದ್ದೆ ಚಡ್ಡಿಯಲ್ಲೇ ವಾಪಸ್ ಬಂದು ನನ್ನ ಕೈ ಹಿಡಿದುಕೊಂಡರು.

"ತಮ್ಮಾ, ನಿನ್ನಾಣೆಗೂ ಹೇಳ್ತೀನಿ. ನಂದಿದ್ರೆ ಒಂದು ಲೋಟ ಇರಬಹುದು. ಮೂರು ಬೆರಳು ನಂದಲ್ಲ."