ಹೆಂಡತಿಯ ಅಳತೆಗೆ ಹೊಲಿದ ಕಾರು

ಅಳಬೇಕಾದ ಹೊತ್ತಿಗೆ ಸರಿಯಾಗಿ ನಗು ಬರುವಂಥದ್ದೇನಾದರೊಂದು ನಡೆದುಬಿಡುವುದು ನಮ್ಮ ಮನೆಯ ಪದ್ಧತಿ. ತಡೆಯಲು ನೋಡಿದ್ದೇನೆ, ಆಗಿಲ್ಲ. ಇಪ್ಪತ್ತಾರು ವರ್ಷದಿಂದ ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿ ನಾನು ಕಟಿಂಗ್ ಮಾಸ್ಟರ್. ಪ್ಯಾಂಟು ಬಿಟ್ಟು ಲೋಕದಲ್ಲಿ ಬೇರೇನೂ ಗೊತ್ತಿಲ್ಲ. ಅಂಥವನು ಹೋದ ವರ್ಷ ಒಂದು ಎಲೆಕ್ಟ್ರಿಕ್ ಕಾರಿನ ನಕ್ಷೆ ಹಾಕಲು ಕೂತೆ. ಇಡೀ ಸಂಸಾರ ಹಿಡಿಯುವ ಉದ್ದನೆಯ ಕಾರು, ಹಿಂದಿನ ತನಕ ಸೂರು ಇಳಿಯದೆ ಚಾಚಿಕೊಂಡಿರುವಂಥದ್ದು. ಅದಕ್ಕೆ ಸ್ಟೇಷನ್ ವ್ಯಾಗನ್ ಅನ್ನುತ್ತಾರಂತೆ, ಮಗಳು ಹೇಳಿದಳು.

ಕಾರಣ ನನ್ನ ಹೆಂಡತಿ. ಅವಳ ಬೆನ್ನುಮೂಳೆಯಲ್ಲಿ ಗಡ್ಡೆ ಬೆಳೆದಿತ್ತು. ಐದು ನಿಮಿಷ ಕೂರಲಾಗುತ್ತಿರಲಿಲ್ಲ, ಮಲಗಿಯೇ ಇರಬೇಕು. ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು "ದೀಪಾವಳಿ ತನಕ ನೋಡೋಣ" ಅಂದಿದ್ದರು. ಅವಳಿಗೆ ಒಂದೇ ಆಸೆ. ಸಿರುಗುಪ್ಪದ ತವರುಮನೆಗೆ ಒಮ್ಮೆ ಹೋಗಬೇಕು, ದಾರಿಯಲ್ಲಿ ಕುರುಗೋಡಿನ ಅಕ್ಕನನ್ನು ಹತ್ತಿಸಿಕೊಳ್ಳಬೇಕು, ಎಲ್ಲರೂ ಒಂದೇ ಗಾಡಿಯಲ್ಲಿರಬೇಕು. ಆಂಬುಲೆನ್ಸ್ ತರಿಸುತ್ತೇನೆ ಅಂದೆ.

"ಅದರ ಕಿಟಕಿಗೆ ಬಿಳಿ ಬಣ್ಣ ಬಳದಿರ್ತಾರ. ಮ್ಯಾಲಿನ ತಗಡು ನೋಡ್ಕೊಂತ ಹೋಗೋದಾದ್ರ ಮನ್ಯಾಗ ಮಲಗಿ ಫ್ಯಾನ್ ನೋಡ್ತೀನಿ ಬಿಡ್ರಿ" ಅಂದಳು.

ಹಾಗಾಗಿ ನಾನೇ ಶುರು ಮಾಡಿದೆ. ಮಲಗಿದವರ ಕಣ್ಣಿನ ಮಟ್ಟಕ್ಕೆ ಕಿಟಕಿ. ಡೀಸೆಲ್ ಗಾಡಿಯ ಗಡಗಡ ಅವಳ ಬೆನ್ನಿಗೆ ಆಗದು, ಅದಕ್ಕೆ ಎಲೆಕ್ಟ್ರಿಕ್. ಅವಳು ಈಗಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಡುವೆ ನಕ್ಕು, ಆಮೇಲೆ ನನ್ನ ಮೇಲೆ ಸಿಟ್ಟಾಗುತ್ತೀರಿ.

೧. ನಾಲ್ಕೂ ಕಡೆ ಅರ್ಧ ಇಂಚು

ನಕ್ಷೆ ಅಂದರೆ ನನಗೆ ಗೊತ್ತಿರುವುದು ಒಂದೇ ರೀತಿ. ಖಾಕಿ ಕಾಗದ ಹಾಸಿ, ಸೀಮೆಸುಣ್ಣದಿಂದ ಗೆರೆ ಎಳೆದು, ಕಾರಿನ ಒಂದೊಂದು ಭಾಗವನ್ನೂ ನಿಜವಾದ ಅಳತೆಯಲ್ಲೇ ಕತ್ತರಿಸಿ ನಂಬರ್ ಹಾಕಿದೆ. ಸುರುಳಿ ಸುತ್ತಿ ಕೌಲ್ ಬಜಾರಿನ ಗ್ಯಾರೇಜ್ ಮಿಸ್ತ್ರಿಯ ಹತ್ತಿರ ಒಯ್ದೆ. ಹಳೆಯ ಗೆಳೆಯ, ನಮ್ಮ ಮನೆಯ ವಿಷಯ ಬಲ್ಲವನು. ನೆಲದ ಮೇಲೆ ಎಲ್ಲವನ್ನೂ ಹಾಸಿ, ಒಂದರ ಮೇಲೊಂದು ಇಟ್ಟು ನೋಡಿದ.

"ಮಾಸ್ಟರ್, ಬಾಗಿಲಾ ಕೂಡೋ ಜಾಗಕ್ಕಿಂತ ಬಾಗಿಲಾನ ದೊಡ್ಡದು ಐತಲ್ಲ?"

"ಹೌದು, ನಾಕೂ ಕಡೆ ಅರ್ಧ ಅರ್ಧ ಇಂಚು ಹೊಲಿಗಿಗೆ ಬಿಟ್ಟೀನಿ."

ಮಿಸ್ತ್ರಿ ತಲೆ ಕೆರೆದುಕೊಂಡ. ಟೇಪು ಹಿಡಿದು ಉದ್ದ ಅಳೆದ. "ಹದಿನಾಕು ಅಡಿ ಅಂತ ಬರದೀರಿ. ಕಾಗದ ನೋಡಿದ್ರ ನಾಕು ಇಂಚು ಜಾಸ್ತಿ ಐತಿ."

"ಅದು ನೀರಿಗೆ. ತೊಳೆದ ಮ್ಯಾಲೆ ಕುಗ್ಗತೈತಲ್ಲ" ಅಂದೆ. ಬಾಯಿಂದ ಹೊರಬಿದ್ದ ಮೇಲೆ ಏನಂದೆ ಅಂತ ನನಗೇ ಹೊಳೆಯಿತು.

ನನ್ನ ಮುಖ ನೋಡಿ ಅವನು ನಗಲಿಲ್ಲ. ಸ್ಪ್ಯಾನರ್ ತರುತ್ತೇನೆಂದು ಒಳಗೆ ಹೋದ. ಒಳಗಿನಿಂದ ಬಹಳ ಹೊತ್ತು ಕೆಮ್ಮುವ ಸದ್ದು ಬಂತು. ಕಣ್ಣೊರೆಸಿಕೊಂಡು ಹೊರಗೆ ಬಂದವನು ನನ್ನ ಹೆಗಲ ಮೇಲೆ ಕೈ ಇಟ್ಟ.

"ಬೇಕಾದಂಗ ಮಾಡೋಣ ಮಾಸ್ಟರ್. ಇಸ್ತ್ರಿ ಒಂದು ನೀವ ಮಾಡ್ಕೊಳ್ರಿ."

೨. ಟೇಪು ಹೇಳಿದ್ದು

ಸೀಟು ಮಾಡಲು ಎಲ್ಲರ ಅಳತೆ ಬೇಕಲ್ಲ. ಕುರುಗೋಡಿನಿಂದ ತಂಗಿಯನ್ನು ನೋಡಲು ಬಂದಿದ್ದ ಅಕ್ಕನ ಮುಂದೆ ಟೇಪು ಹಿಡಿದು ನಿಂತೆ. ಆಕೆ ಮೈ ತುಂಬಿಕೊಂಡ ಹೆಂಗಸು. ಟೇಪನ್ನು ಕೈಯಿಂದ ಸರಿಸಿ, "ನನ್ನ ಸೊಂಟದ ಅಳತಿ ನಮ್ಮ ಮನಿಯವ್ರಿಗೇ ಗೊತ್ತಿಲ್ಲ, ನಿಮಗ್ಯಾಕ ಹೇಳ್ಲಿ? ಸೀಟು ಸಾಲದಿದ್ರ ನಿಂತ್ಕೊಂಡ ಬರ್ತೀನಿ" ಅಂದಳು.

ಮಂಚದ ಮೇಲಿದ್ದ ನನ್ನ ಹೆಂಡತಿ ತಾನೇ ಕೈ ಚಾಚಿದಳು. "ನಂದು ತಗೊಳ್ರಿ. ಬ್ಲೌಸ್ ಹೊಲೀರಿ ಅಂದ್ರ ಇಪ್ಪತ್ತು ವರ್ಷ ಪುರುಸೊತ್ತಾಗ್ಲಿಲ್ಲ. ಈಗ ನೋಡಕ್ಕಾ, ಕಾರು ಹೊಲೀತಾರ."

ಭುಜಕ್ಕೆ ಟೇಪು ಹಿಡಿದೆ. ನನ್ನ ಕೈಗೆ ಅಳತೆಗಳು ಪಾಠ. ಈ ಅಳತೆ ಯಾರದು ಅಂತ ಕೈಗೆ ಕೂಡಲೇ ತಿಳಿಯಿತು, ಐದನೇ ತರಗತಿ ಹುಡುಗಿಯ ಯೂನಿಫಾರ್ಮಿನದು. ಮಲಗಿಸಿ, ಹೊರಳಿಸಿ, ಉಣ್ಣಿಸಿ ದಿನಾ ನೋಡುತ್ತಿದ್ದವನಿಗೆ ಗೊತ್ತಾಗದೇ ಇದ್ದದ್ದನ್ನು ಟೇಪು ಹೇಳಿತು. ನಾನು ಪುಸ್ತಕದಲ್ಲಿ ಮೂರು ಇಂಚು ಹೆಚ್ಚು ಬರೆದೆ. ಅವಳು ಇಣುಕಿ ನೋಡಿದಳು.

"ಸುಳ್ಳು ಬರದೀರಿ."

"ಹೊಲಿಗಿಗೆ ಬಿಟ್ಟೀನಿ" ಅಂದೆ.

ಅವಳು ನಕ್ಕಳು. ನನಗೆ ನಗಲಾಗಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿ, ನಲ್ಲಿ ಬಿಟ್ಟು, ಯಾರಿಗೂ ಕೇಳಿಸದ ಹಾಗೆ ಅತ್ತೆ. ನಮ್ಮ ಓಣಿಗೆ ನೀರು ಬರುವುದು ವಾರಕ್ಕೊಮ್ಮೆ. ಸ್ವಲ್ಪ ಹೊತ್ತಿಗೆ ಮಂಚದಿಂದ ಅವಳ ದನಿ ಬಂತು.

"ಅಳೋದಿದ್ರ ಇಲ್ಲೇ ಬಂದು ಅಳ್ರಿ. ಟ್ಯಾಂಕು ಖಾಲಿ ಆಗತೈತಿ."

೩. ಹಿಂದಿನ ಜೇಬು

ಮಗಳು ಡಿಪ್ಲೊಮಾ ಓದುತ್ತಾಳೆ. ಒಂದು ಕಾಲೇಜಿನಲ್ಲಿ ಯಾರು ಬೇಕಾದರೂ ತಮ್ಮ ಹೊಸ ವಿನ್ಯಾಸ ತಂದು ತೋರಿಸಬಹುದಾದ ಪ್ರದರ್ಶನವಿತ್ತು. ನನ್ನನ್ನು ಕೇಳದೆ ನನ್ನ ಹೆಸರು ಕೊಟ್ಟಳು. "ಯಾರರ ನೋಡಿ ಮಾಡಿಕೊಡ್ತಾರಪ್ಪಾ" ಅಂದಳು. ಆ ಆಸೆ ನನಗೂ ಹತ್ತಿತು. ಖಾಕಿ ಕಾಗದವನ್ನೆಲ್ಲ ಗೋಡೆಗೆ ಅಂಟಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತೆ.

ತೀರ್ಪು ಕೊಡಲು ಬಂದ ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಚೆನ್ನಾಗಿದೆ. ಬ್ಯಾಟರಿ ಎಲ್ಲಿ?"

ಬ್ಯಾಟರಿಯನ್ನು ನಾನು ಮರೆತೇಬಿಟ್ಟಿದ್ದೆ. ಆದರೆ ನನ್ನ ಬೆರಳು ತಾನಾಗಿ ಕಾರಿನ ಹಿಂಭಾಗಕ್ಕೆ ಹೋಯಿತು. "ಹಿಂದಿನ ಜೇಬಿನಾಗ್ರಿ."

"ಒಂದು ಸಲ ಚಾರ್ಜ್ ಮಾಡಿದರೆ ಎಲ್ಲಿಯವರೆಗೆ ಹೋಗುತ್ತೆ?"

"ಸಿರುಗುಪ್ಪದ ತನಕ."

"ಅಲ್ಲಿಂದ ಮುಂದಕ್ಕೆ?"

"ಮುಂದ ಹೋಗಂಗಿಲ್ರಿ. ಅಲ್ಲೇ ಅಕಿ ತವರುಮನಿ ಐತಿ."

ಪಕ್ಕದಲ್ಲಿದ್ದ ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ. ಕಿಟಕಿ ಇಷ್ಟು ಕೆಳಗೆ ಯಾಕೆ ಅಂತ ಕೇಳಿದರು, ನಾನು ಹೇಳಿದೆ. ಅವರು ಪೆನ್ನು ಜೇಬಿಗೆ ಹಾಕಿ ನನ್ನ ಕೈ ಹಿಡಿದುಕೊಂಡರು. ಕಾರು ಮಾಡಿಕೊಡುವವರು ಯಾರೂ ಬರಲಿಲ್ಲ. ಸಮಾಧಾನಕರ ಬಹುಮಾನ ಅಂತ ಒಂದು ಹೆಲ್ಮೆಟ್ ಕೊಟ್ಟರು.

ಅದನ್ನು ಹೆಂಡತಿಯ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. "ನಿಮ್ಮ ಕಾರು ಹೆಂಗೈತಿ ಅಂತ ಅವ್ರಿಗೆ ತಿಳಿದೈತಿ ಬಿಡ್ರಿ" ಅಂದಳು.

೪. ಕುರುಗೋಡಿನ ಬಸ್ ಸ್ಟ್ಯಾಂಡು

ಶ್ರಾವಣ ಮುಗಿಯುವ ಹೊತ್ತಿಗೆ ಅವಳ ದನಿ ಸಣ್ಣದಾಯಿತು. ಊಟ ಎರಡು ಚಮಚಕ್ಕೆ ಇಳಿಯಿತು. ಇನ್ನು ಕಾರು ಆಗುವುದಿಲ್ಲ ಅಂತ ನಾನು ಕಾಗದ ಸುತ್ತಿಟ್ಟೆ. ಮಿಸ್ತ್ರಿ ಬಿಡಲಿಲ್ಲ. ನೀರಿನ ಕ್ಯಾನು ಸಾಗಿಸುವ ಗೆಳೆಯನ ಎಲೆಕ್ಟ್ರಿಕ್ ಲಗೇಜ್ ಆಟೊ ತಂದ. ಅದರ ಮೇಲೆ ಪೈಪು ಬಗ್ಗಿಸಿ ನನ್ನ ನಕ್ಷೆಯ ಹಾಗೆಯೇ ಉದ್ದನೆಯ ಚೌಕಟ್ಟು ಕಟ್ಟಿದ. ಅದಕ್ಕೆ ನಾನು ಜೀನ್ಸ್ ಬಟ್ಟೆಯ ಮೈ ಹೊಲಿದು ತೊಡಿಸಿದೆ. ಎರಡೂ ಕಡೆ ತಗ್ಗಿನ ಕಿಟಕಿ, ಒಳಗೆ ಹಾಸಿಗೆ.

ಒಂದು ಭಾನುವಾರ ಬೆಳಗ್ಗೆ ಹೊರಟೆವು. ಮಿಸ್ತ್ರಿ ಓಡಿಸುತ್ತಿದ್ದ, ನಾನೂ ಮಗಳೂ ಅವಳ ಅಕ್ಕಪಕ್ಕ. ಊರು ದಾಟಿದ್ದೇ ಅವಳು ಕಿಟಕಿಗೆ ಕೆನ್ನೆ ಹಚ್ಚಿದಳು. "ಮೆಣಸಿನಗಿಡ... ಕಾಲುವಿ... ಎಮ್ಮಿ ನೋಡು, ಎಮ್ಮಿ" ಅಂತ ಒಂದೊಂದನ್ನೂ ಹೇಳುತ್ತಿದ್ದಳು. ಎಮ್ಮೆ ಕಂಡು ಅಷ್ಟು ಖುಷಿಪಟ್ಟವರನ್ನು ನಾನು ಬೇರೆ ಕಂಡಿಲ್ಲ. ನನ್ನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ.

ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆವು. ಅಕ್ಕ ಇನ್ನೂ ಬಂದಿರಲಿಲ್ಲ, ಸೀರೆ ಉಡುತ್ತಿದ್ದಳಂತೆ. ಬಟ್ಟೆ ಹೊದಿಸಿದ ಉದ್ದನೆಯ ಗಾಡಿ, ಒಳಗೆ ಮಲಗಿರುವ ಹೆಂಗಸು, ಅವಳ ಪಕ್ಕ ಅಳುತ್ತ ಕೂತ ನಾನು. ಚಹಾ ಅಂಗಡಿಯವರು ನೋಡಿದರು. ಒಬ್ಬೊಬ್ಬರೇ ಎದ್ದು ನಿಂತರು. ರುಮಾಲು ಸುತ್ತಿದ ಒಬ್ಬ ಮುದುಕರು ಹೂವಿನವಳ ಹತ್ತಿರ ಮಲ್ಲಿಗೆ ಮಾಲೆ ತೆಗೆದುಕೊಂಡು, ಚಪ್ಪಲಿ ಬಿಟ್ಟು, ಮೆಲ್ಲಗೆ ಗಾಡಿಯ ಹತ್ತಿರ ಬಂದರು.

"ಪಾಪ, ಯಾವಾಗ ಆತಪ್ಪಾ?" ಅಂತ ನನ್ನನ್ನು ಕೇಳಿದರು.

ನಾನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡೆ. ಅದನ್ನೇ ಉತ್ತರ ಅಂದುಕೊಂಡು ಅವರು ಕಣ್ಣು ಮುಚ್ಚಿ ಕಿಟಕಿಗೆ ಕೈ ಮುಗಿದರು. ಕಿಟಕಿಯಿಂದ ಉತ್ತರ ಬಂತು.

"ಇನ್ನಾ ಆಗಿಲ್ಲ ಯಜ್ಜಾ. ಮೊದ್ಲು ತವರುಮನಿಗೆ ಹೋಗಿ ಬರ್ತೀನಿ, ಆಮ್ಯಾಲ."

ಅವರು ಎರಡು ಹೆಜ್ಜೆ ಹಿಂದೆ ಹಾರಿದರು. ಚಹಾ ಅಂಗಡಿಯಲ್ಲಿ ಒಂದು ಗ್ಲಾಸು ಬಿತ್ತು. ಮಿಸ್ತ್ರಿ ಆಟೊದ ಹ್ಯಾಂಡಲಿನ ಮೇಲೆ ತಲೆ ಇಟ್ಟು ನಗತೊಡಗಿದ, ಮಗಳು ನಕ್ಕಳು, ಅಳುತ್ತಿದ್ದ ನಾನೂ ನಕ್ಕೆ. ಆಗ ಬಂದ ಅಕ್ಕ ವಿಷಯ ತಿಳಿದು ಬಾಯಿ ಬಡಿದುಕೊಂಡಳು. ಮುದುಕರು ಮಾತ್ರ ಮಾಲೆಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು.

ಅವಳು ಕೈ ಚಾಚಿದಳು. "ತಂದೀರಲ್ಲ, ಕೊಡ್ರಿ."

"ಹುಚ್ಚಿ, ಬ್ಯಾಡಲೇ, ಅದು ಎದಕ್ಕ ತಂದದ್ದು" ಅಂತ ಅಕ್ಕ ತಡೆದಳು. ಅವಳು ಕೇಳಲಿಲ್ಲ. ಮಗಳ ಕೈಯಲ್ಲಿ ಒಂದು ತುಂಡು ಹರಿಸಿ ತಲೆಗೆ ಮುಡಿಸಿಕೊಂಡಳು. ಕೂದಲು ಉದುರಿ ಹೋಗಿದ್ದರಿಂದ ಪಿನ್ನು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮಧ್ಯಾಹ್ನದ ಹೊತ್ತಿಗೆ ಸಿರುಗುಪ್ಪ ಮುಟ್ಟಿದೆವು. ಅವಳ ಅಣ್ಣ ಎತ್ತಿಕೊಂಡು ಒಳಗೆ ಒಯ್ದ. ಅವನಿಗೂ ಕಣ್ಣಲ್ಲಿ ನೀರು. ಏನಾದರೂ ಮಾತಾಡಬೇಕಲ್ಲ, "ಹೂವಾ ಭಾಳ ಘಮ್ಮಂತೈತಿ, ಎಲ್ಲಿ ತಗೊಂಡ್ರಿ?" ಅಂದ.

"ಕುರುಗೋಡಾಗ ನನಗಂತನ ತಂದಿದ್ರು" ಅಂದಳು ನನ್ನ ಹೆಂಡತಿ. "ಒಂದು ಸ್ವಲ್ಪ ಲಗೂ ತಂದಿದ್ರು, ಅಷ್ಟ."