ಚಿನಕುರಳಿಯಲ್ಲಿ ನಾನು ಕಂಡುಹಿಡಿದ ಸರೋವರ

ಜೇಡಿಮಣ್ಣು ಸುಳ್ಳು ಹೇಳುವುದಿಲ್ಲ. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವಾಗ ಈ ಮಾತನ್ನು ಅದೆಷ್ಟು ಸಲ ಹೇಳಿದ್ದೇನೋ! ಜೇಡಿಯಲ್ಲಿರುವ ಖನಿಜ ಯಾವುದೆಂದು ತಿಳಿದರೆ ಸಾಕು, ಲಕ್ಷ ವರ್ಷಗಳ ಹಿಂದೆ ಅಲ್ಲಿ ಮಳೆ ಹೇಗಿತ್ತು, ನೀರು ಹರಿದಿತ್ತೋ ನಿಂತಿತ್ತೋ ಎಂದು ಹೇಳಿಬಿಡಬಹುದು.

ನಿವೃತ್ತನಾಗಿ ಪಾಂಡವಪುರಕ್ಕೆ ಬಂದ ವರ್ಷವೇ ಹೆಂಡತಿ ತೀರಿಕೊಂಡಳು. ಈ ಪಾಂಡಿತ್ಯ ಕೇಳುವವರು ಯಾರೂ ಉಳಿಯಲಿಲ್ಲ. ಅವಳೂ ಕೇಳುತ್ತಿರಲಿಲ್ಲ ಅನ್ನಿ. ಆದರೆ "ಹೂಂ" ಅನ್ನುತ್ತಿದ್ದಳು.

ಹೀಗಿರುವಾಗ ಚಿನಕುರಳಿ ಹತ್ತಿರ ಬೋರೇಗೌಡರ ಹೊಲದಲ್ಲಿ ಕೆಂಪು ಮಣ್ಣಿನ ಮೇಲೆ ಕಪ್ಪು ಜೇಡಿಯ ಪದರ ಕಂಡಿತು. ಅಗೆಯಲು ಅಪ್ಪಣೆ ಕೇಳಿದೆ.

"ಅಗೀರಿ ಮೇಷ್ಟ್ರೇ. ನಿಧಿ ಗಿಧಿ ಸಿಕ್ರೆ ನಂಗೂ ಯೋಳಿ!"

ಮಣ್ಣನ್ನು ಪರೀಕ್ಷೆಗೆ ಕಳಿಸಿದೆ. ವರದಿ ಬಂತು: ಒದ್ದೆಯಾದರೆ ಉಬ್ಬುವ ಜೇಡಿ, ನೀರು ಬಸಿದುಹೋಗದ ತಗ್ಗಿನಲ್ಲಿ ಆಗುವಂಥದ್ದು! ಜೊತೆಗೆ ನೀರಿನ ಬಸವನಹುಳುವಿನ ಚಿಪ್ಪು ಬೇರೆ. ಇನ್ನೇನು ಸಾಕ್ಷಿ ಬೇಕು? ಪುರಾತನ ಸರೋವರ!

ತಕ್ಷಣ ಶ್ರೀರಂಗಪಟ್ಟಣದಲ್ಲಿರುವ ಹಳೆಯ ಸಹೋದ್ಯೋಗಿ ಶಿವಣ್ಣನಿಗೆ ಫೋನ್ ಮಾಡಿದೆ. ಎರಡು ವರ್ಷದಿಂದ "ಬರ್ತೀನಿ ಕಣಯ್ಯ" ಎನ್ನುತ್ತಲೇ ಇದ್ದವನು, ಸರೋವರ ಎಂದ ಕೂಡಲೇ ಭಾನುವಾರ ಹಾಜರಾದ. ನಿಜ ಹೇಳುತ್ತೇನೆ, ಸರೋವರಕ್ಕಿಂತ ಹೆಚ್ಚು ಖುಷಿಯಾದದ್ದು ಅದಕ್ಕೇ. ಬೆಳಿಗ್ಗೆಯೇ ಎದ್ದು ಇಬ್ಬರಿಗಾಗುವಷ್ಟು ಉಪ್ಸಾರು ಮಾಡಿಟ್ಟಿದ್ದೆ.

ಗುಂಡಿಯ ಪಕ್ಕ ನಿಂತು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಶಿವಣ್ಣ ಗಂಭೀರವಾಗಿ ತಲೆಯಾಡಿಸಿದ. ಬೋರೇಗೌಡರು ಬಾಯಿಗೆ ಟವೆಲ್ ಅಡ್ಡ ಹಿಡಿದಿದ್ದರು.

"ಮೇಷ್ಟ್ರೇ, ಬೇಜಾರ್ ಮಾಡ್ಕಬ್ಯಾಡಿ. ಇದು ಕೆರೆ ಗೋಡು ಕಣ್ರೀ, ಕೆರೆ ತಳದ ಮಣ್ಣು! ನಾನು ಇಸ್ಕೂಲ್‌ಗೆ ಓಗೋವಾಗ ನಮ್ಮಪ್ಪ ಕೆರೆ ಬತ್ತಿದ್ದಾಗ ಗಾಡೀಲಿ ತಂದು ಒಡ್ಸಿದ್ದು. ಕೆಂಪು ಮಣ್ಣಿಗೆ ಸತ್ವ ಬರ್ಲಿ ಅಂತ."

"ಮೊದಲೇ ಹೇಳಬಾರದಿತ್ತೇ?"

"ನೀವು ಮಣ್ಣನ್ನ ಕೇಳುದ್ರಿ. ನನ್ನ ಕೇಳ್ನೇ ಇಲ್ವಲ್ಲ!"

ಶಿವಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ, ಈ ಸರೋವರ ವಯಸ್ಸಲ್ಲಿ ನಿನಗಿಂತ ಚಿಕ್ಕದು ಕಣ್ಲಾ!"

ನಗುತ್ತಲೇ ಕಾರು ಹತ್ತಿದ. ಊಟಕ್ಕೂ ನಿಲ್ಲಲಿಲ್ಲ. ಯಾರದೋ ಮನೆಯಲ್ಲಿ ನಾಮಕರಣವಂತೆ. ಉಪ್ಸಾರನ್ನು ಎರಡು ದಿನ ಒಬ್ಬನೇ ಉಂಡೆ.

ಅವಮಾನವಾಯಿತು, ನಿಜ. ಆದರೆ ಮನುಷ್ಯನೊಬ್ಬ ಎದುರಿಗೆ ನಿಂತು ನಕ್ಕು ಎಷ್ಟು ಕಾಲವಾಗಿತ್ತು!

ಮೊನ್ನೆ ಕೆ.ಆರ್. ಪೇಟೆ ಕಡೆ ಇನ್ನೊಂದು ಹೊಲದಲ್ಲಿ ಕಪ್ಪು ಜೇಡಿ ಕಂಡಿತು. ಶಿವಣ್ಣನಿಗೆ ಫೋನ್ ಮಾಡಿ, "ಈ ಸಲ ಖಂಡಿತ ಸರೋವರ ಕಣಯ್ಯ, ಬಾ" ಎಂದಿದ್ದೇನೆ. ಹೊಲದ ಯಜಮಾನರು ಅಲ್ಲೇ ಇದ್ದರು. ಅವರನ್ನು ಮಾತ್ರ ಏನೂ ಕೇಳಲಿಲ್ಲ. ಕೇಳಿದರೆ ಶಿವಣ್ಣ ಬರುವುದಿಲ್ಲವಲ್ಲ!